ಎದೆಗೂಡು ಅಲುಗುವ ಬಗೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಪಕ್ಕೆಲುಬು, ಎದೆಗೂಡು, ಉಸಿರಾಟದ ಬಗ್ಗೆಯೇ ಹೆಚ್ಚು ಪ್ರಶ್ನೆಗಳಿದ್ದವು. ಎಂಟನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಗಾಳಿ ಒಳಗೆ ಹೋಗಿದ್ದರಿಂದ ಎದೆ ಉಬ್ಬುತ್ತದೋ, ಎದೆ ಉಬ್ಬಿದ್ದರಿಂದ ಗಾಳಿ ಒಳಗೆ ಹೋಗುತ್ತದೋ ಎಂದು ಹುಡುಗಿಯೊಬ್ಬಳು ಕೇಳಿದಳು. ತಳದ ರಬ್ಬರ್ ಹಾಳೆ ಎಳೆದರೆ ಒಳಗಿನ ಬಲೂನು ಉಬ್ಬುವ ಬಾಟಲಿಯ ಮಾದರಿ ತೋರಿಸಿದರೂ ಅವಳಿಗೆ ಸಮಾಧಾನವಾಗಲಿಲ್ಲ.
— ಶಿಕ್ಷಕಿ, ಶಿರಸಿ

ಉತ್ತರ: ಎದೆ ಮೊದಲು ಹಿಗ್ಗುತ್ತದೆ, ಗಾಳಿ ಆಮೇಲೆ ನುಗ್ಗುತ್ತದೆ. ಕುಲುಮೆಯ ತಿದಿಯನ್ನು ನೆನೆಸಿಕೊಳ್ಳಿ. ಅದರೊಳಕ್ಕೆ ಯಾರೂ ಗಾಳಿ ಊದಿ ತುಂಬುವುದಿಲ್ಲ. ಹಿಡಿ ಎಳೆದು ಅಗಲಿಸಿದರೆ ಗಾಳಿ ತಾನಾಗಿ ಬರುತ್ತದೆ. ಶ್ವಾಸಕೋಶ ತಾನಾಗಿ ಹಿಗ್ಗಲಾರದು, ಅದನ್ನು ಹಿಗ್ಗಿಸುವುದು ಸುತ್ತಲಿನ ಗೋಡೆ.

ಆ ಗೋಡೆಯ ತಳವೇ ವಪೆ. ಬುಟ್ಟಿ ಬೋರಲು ಹಾಕಿದಂತೆ ಮೇಲಕ್ಕೆ ಉಬ್ಬಿರುವ ಸ್ನಾಯು ಅದು. ಬಿಗಿದುಕೊಂಡಾಗ ಚಪ್ಪಟೆಯಾಗುತ್ತಾ ಕೆಳಗಿಳಿಯುತ್ತದೆ. ಸಾಧಾರಣ ಉಸಿರಿಗೆ ಇಳಿಯುವುದು 1ರಿಂದ 2 ಸೆಂ.ಮೀ., ಆಳವಾಗಿ ಎಳೆದಾಗ 10 ಸೆಂ.ಮೀ.ವರೆಗೂ ಹೋಗಬಹುದು. ಅದೇ ಹೊತ್ತಿಗೆ ಪಕ್ಕೆಲುಬುಗಳೂ ಏಳುತ್ತವೆ. ಮೇಲಿನವು ಕೈಪಂಪಿನ ಹಿಡಿಯಂತೆ ಎದೆಮೂಳೆಯನ್ನು ಮುಂದಕ್ಕೂ ಮೇಲಕ್ಕೂ ಎತ್ತುತ್ತವೆ, ಕೆಳಗಿನವು ಬಕೆಟ್ಟಿನ ಹಿಡಿಕೆಯಂತೆ ಪಕ್ಕಕ್ಕೆ ಅಗಲುತ್ತವೆ. ಇಷ್ಟರಿಂದ ಶ್ವಾಸಕೋಶದೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುವುದು ಸುಮಾರು 1 ಸೆಂ.ಮೀ. ನೀರಿನಷ್ಟು ಮಾತ್ರ. ಅಷ್ಟಕ್ಕೇ ಅರ್ಧ ಲೀಟರ್ ಗಾಳಿ ಒಳಗೆ ಬರುತ್ತದೆ. ಉಸಿರು ಬಿಡಲು, ಸುಮ್ಮನೆ ಕುಳಿತಿರುವಾಗ, ಯಾವ ಸ್ನಾಯುವೂ ದುಡಿಯಬೇಕಿಲ್ಲ. ಎಳೆದ ರಬ್ಬರ್ ಬಿಟ್ಟಂತೆ ಶ್ವಾಸಕೋಶ ತಾನೇ ಕುಗ್ಗುತ್ತದೆ.

ನಿಮ್ಮ ವಿದ್ಯಾರ್ಥಿನಿಗೆ ಸಮಾಧಾನವಾಗದಿದ್ದುದು ಸರಿಯೇ, ಏಕೆಂದರೆ ಆ ಮಾದರಿಯಲ್ಲಿ ಎರಡು ಕೊರತೆಗಳಿವೆ. ಬಾಟಲಿಯ ಗೋಡೆ ಅಲುಗುವುದಿಲ್ಲ, ನಮ್ಮ ಎದೆಯ ಗೋಡೆ ಅಲುಗುತ್ತದೆ. ಬಲೂನಿಗೂ ಬಾಟಲಿಗೂ ನಡುವೆ ಗಾಳಿಯ ದೊಡ್ಡ ತೆರಪಿದೆ, ನಮ್ಮಲ್ಲಿ ಅದಿಲ್ಲ. ಶ್ವಾಸಕೋಶದ ಹೊರಪೊರೆಗೂ ಎದೆಯ ಒಳಪೊರೆಗೂ ಮಧ್ಯೆ ಇರುವುದು ತೆಳ್ಳನೆ ದ್ರವದ ಪದರವೊಂದೇ. ಎರಡು ಗಾಜಿನ ತುಂಡುಗಳ ನಡುವೆ ಒಂದು ಹನಿ ನೀರು ಹಾಕಿ ಅವಳ ಕೈಗೆ ಕೊಡಿ. ಅವು ಒಂದರ ಮೇಲೊಂದು ಜಾರುತ್ತವೆ, ಎಳೆದರೆ ಬಿಡುವುದಿಲ್ಲ. ಎದೆ ಹಿಗ್ಗಿದರೆ ಶ್ವಾಸಕೋಶವೂ ಹಿಂದೆಯೇ ಹಿಗ್ಗುವುದು ಹೀಗೆ. ಗಾಯದಿಂದ ಆ ಎರಡು ಪೊರೆಗಳ ನಡುವೆ ಗಾಳಿ ಸೇರಿದರೆ ಹಿಡಿತ ತಪ್ಪಿ ಶ್ವಾಸಕೋಶ ಮುದುಡುತ್ತದೆ.

ಪ್ರಶ್ನೆ: ನರ್ಸಿಂಗ್ ಎರಡನೇ ವರ್ಷ. ಪುಸ್ತಕದಲ್ಲಿ ಪಕ್ಕೆಲುಬು ಎಣಿಸುವುದು ಸುಲಭ, ರೋಗಿಯ ಎದೆಯ ಮೇಲೆ ಪ್ರತಿ ಸಲ ತಪ್ಪುತ್ತದೆ.
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಮೊದಲನೆಯದನ್ನು ಹುಡುಕಲು ಹೋಗುವುದರಿಂದ ತಪ್ಪುತ್ತದೆ. ಅದು ಕಾಲರ್ ಮೂಳೆಯ ಅಡಿಯಲ್ಲಿ ಅಡಗಿದೆ, ಬೆರಳಿಗೆ ಸಿಗುವುದಿಲ್ಲ. ಎರಡನೆಯದರಿಂದ ಶುರು ಮಾಡಿ.

ಕತ್ತಿನ ಬುಡದಲ್ಲಿ ಎರಡು ಕಾಲರ್ ಮೂಳೆಗಳ ನಡುವಿನ ಗುಳಿಯಲ್ಲಿ ಬೆರಳಿಡಿ. ಎದೆಮೂಳೆಯ ಮೇಲೆ ನೇರ ಕೆಳಕ್ಕೆ ಜಾರಿಸಿ. 4–5 ಸೆಂ.ಮೀ. ಹೋಗುವಷ್ಟರಲ್ಲಿ ಅಡ್ಡಲಾಗಿ ಒಂದು ದಿಣ್ಣೆ ತಾಗುತ್ತದೆ, ಎದೆಮೂಳೆಯ ಎರಡು ಭಾಗಗಳು ಕೂಡುವ ಜಾಗವದು. ಅಲ್ಲಿಂದ ಪಕ್ಕಕ್ಕೆ ಸರಿದರೆ ಸಿಗುವುದು ಎರಡನೇ ಪಕ್ಕೆಲುಬು, ಅದರ ಕೆಳಗಿನ ಮೆತ್ತನೆಯ ಜಾಗ ಎರಡನೇ ತೆರಪು. ಮುಂದಕ್ಕೆ ಎದೆಮೂಳೆಗೆ ಅಂಟಿಕೊಂಡೇ ಇಳಿಯಬೇಡಿ, ಅಲ್ಲಿ ಕೆಳಗಿನ ಮೃದ್ವಸ್ಥಿಗಳು ಒತ್ತೊತ್ತಾಗಿವೆ. ತುಸು ಹೊರಕ್ಕೆ ಸರಿದು ಎರಡು ಬೆರಳಿಂದ ಒಂದೊಂದೇ ಮೆಟ್ಟಿಲು ಇಳಿಯಿರಿ. ಮೊಲೆತೊಟ್ಟನ್ನು ಗುರುತಾಗಿ ನಂಬಬೇಡಿ, ಹೆಂಗಸರಲ್ಲಂತೂ ಬೇಡವೇ ಬೇಡ.

ಇದು ಬರಿಯ ಪರೀಕ್ಷೆಗೆ ಬೇಕಾದ ವಿಷಯವಲ್ಲ. ಇಸಿಜಿಯ ವಿ1, ವಿ2 ತಂತಿಗಳು ಕೂರಬೇಕಾದ್ದು ನಾಲ್ಕನೇ ತೆರಪಿನಲ್ಲಿ, ಎದೆಮೂಳೆಯ ಬಲಕ್ಕೊಂದು, ಎಡಕ್ಕೊಂದು. ಅವಸರದಲ್ಲಿ ಎರಡನೆಯದಕ್ಕೋ ಮೂರನೆಯದಕ್ಕೋ ಅಂಟಿಸಿಬಿಟ್ಟರೆ ಇಲ್ಲದ ಹೃದ್ರೋಗ ಕಾಗದದ ಮೇಲೆ ಕಾಣಿಸಿಕೊಳ್ಳಬಹುದು. ಹಾಗೆಯೇ ಎದೆಯಿಂದ ನೀರು ತೆಗೆಯುವಾಗ ಸೂಜಿ ಯಾವಾಗಲೂ ಕೆಳಗಿನ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡು ಹೋಗಬೇಕು. ಪ್ರತಿ ಪಕ್ಕೆಲುಬಿನ ಕೆಳಂಚಿನ ತೋಡಿನಲ್ಲಿ ಮೇಲಿಂದ ಕೆಳಕ್ಕೆ ಅಭಿಧಮನಿ, ಅಪಧಮನಿ, ನರ ಸಾಲಾಗಿ ಓಡುತ್ತವೆ.

ಮನೆಯಲ್ಲಿ ಮಾಂಸ ತಿನ್ನುವವರಾದರೆ ಕುರಿಯ ಪಕ್ಕೆಯ ತುಂಡನ್ನು ತೊಳೆಯುವ ಮುಂಚೆ ಒಮ್ಮೆ ನೋಡಿ. ಒಳಮೈಗೆ ಅಂಟಿದ ಹೊಳೆಯುವ ತೆಳುಪೊರೆಯೇ ಎದೆಯ ಒಳಪೊರೆ. ಮೂಳೆಗಳ ನಡುವಿನ ಮಾಂಸವನ್ನು ನಿಧಾನಕ್ಕೆ ಬಿಡಿಸಿದರೆ ಹೊರಪದರದ ಎಳೆಗಳು ಒಂದು ಕಡೆಗೂ ಒಳಪದರದವು ಅದಕ್ಕೆ ಅಡ್ಡಲಾಗಿಯೂ ಓಡುವುದು ಕಾಣುತ್ತದೆ. ಹೊರಪದರ ಉಸಿರೆಳೆಯಲು, ಒಳಪದರದ ಬಹುಭಾಗ ಜೋರಾಗಿ ಉಸಿರು ಬಿಡಲು.

ಪ್ರಶ್ನೆ: ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ಎದೆ 5 ಸೆಂ.ಮೀ. ಹಿಗ್ಗಬೇಕು. ನನ್ನದು ಮೂರೂವರೆ. ಆರು ತಿಂಗಳಿಂದ ಜಿಮ್‌ನಲ್ಲಿ ಬೆಂಚ್ ಪ್ರೆಸ್ ಮಾಡಿದರೂ ಹೆಚ್ಚಿಲ್ಲ.
— ಅಭ್ಯರ್ಥಿ, ವಿಜಯಪುರ

ಉತ್ತರ: ಬೆಂಚ್ ಪ್ರೆಸ್‌ನಿಂದ ಎದೆಯ ಮೇಲಿನ ಮಾಂಸ ದಪ್ಪವಾಗುತ್ತದೆ, ಸುತ್ತಳತೆ ಹೆಚ್ಚುತ್ತದೆ. ಹಿಗ್ಗುವಿಕೆ ಬೇರೆ ಲೆಕ್ಕ. ಪಕ್ಕೆಲುಬುಗಳು ಬೆನ್ನುಮೂಳೆಗೆ ಕೂಡುವ ಕೀಲುಗಳು ಎಷ್ಟು ಸಡಿಲವಾಗಿವೆ, ನೀವು ಮೊದಲು ಎಷ್ಟು ಉಸಿರು ಬಿಟ್ಟಿರಿ ಎಂಬುದರ ಮೇಲೆ ಅದು ನಿಂತಿದೆ.

ಹೆಚ್ಚಿನವರು ತಪ್ಪುವುದು ಉಸಿರು ಬಿಡುವಲ್ಲಿ. ಟೇಪು ಸುತ್ತಿದ ಕೂಡಲೇ ಬಿಗುಮಾನದಿಂದ ಎದೆ ಸೆಟೆಸಿ ನಿಂತುಬಿಡುತ್ತಾರೆ. ಆಗಲೇ ಅರ್ಧ ಹಿಗ್ಗಿರುವ ಎದೆ ಇನ್ನೆಷ್ಟು ಹಿಗ್ಗೀತು? ಹೆಗಲು ಸಡಿಲ ಬಿಡಿ, ಹೊಟ್ಟೆ ಒಳಗೆಳೆದು ಉಸಿರನ್ನು ಪೂರ್ತಿ ಬಿಟ್ಟ ಮೇಲೆ ಮೊದಲ ಅಳತೆ. ಆಮೇಲೆ ಮೂಗಿನಿಂದ ನಿಧಾನವಾಗಿ ಎಳೆಯುತ್ತಾ ಪಕ್ಕೆಗಳನ್ನು ಅಗಲಿಸಿ ಎರಡನೆಯ ಅಳತೆ. ಎರಡೂ ಸಲ ಟೇಪು ಒಂದೇ ಮಟ್ಟದಲ್ಲಿರಲಿ, ಬೆನ್ನ ಕಡೆ ಜಾರಿದರೆ ಒಂದು ಸೆಂ.ಮೀ. ಅಲ್ಲೇ ಹೋಗುತ್ತದೆ.

ಅಭ್ಯಾಸಕ್ಕೆ: ಕೆಳಪಕ್ಕೆಗಳ ಮೇಲೆ ಎರಡೂ ಅಂಗೈ ಇಟ್ಟು ಹಗುರಾಗಿ ಒತ್ತಿ, ಆ ಒತ್ತಡವನ್ನು ತಳ್ಳುತ್ತಾ ಉಸಿರೆಳೆದು 3 ಸೆಕೆಂಡು ಹಿಡಿದು ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿ, ಪಕ್ಕೆಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೇಲಿನ ತೋಳನ್ನು ತಲೆಯಾಚೆ ಚಾಚಿ ಉಸಿರಾಡುವುದೂ ಒಳ್ಳೆಯದು.

ಒಂದು ಎಚ್ಚರಿಕೆ. ಸರಿಯಾಗಿ ಅಳೆದರೂ ಎರಡೂವರೆ ಸೆಂ.ಮೀ. ದಾಟದಿದ್ದರೆ, ಜೊತೆಗೆ ಬೆಳಗಾಗೆದ್ದಾಗ ಸೊಂಟ ಬೆನ್ನು ಮರಗಟ್ಟಿದಂತಿದ್ದು ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ, ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿಯುವ ರೋಗ) ಇರಬಹುದು. ನಿಮ್ಮ ವಯಸ್ಸಿನವರಲ್ಲೇ ಶುರುವಾಗುವ ಕಾಯಿಲೆ ಅದು. ಕೀಲುರೋಗ ತಜ್ಞರಿಗೆ ತೋರಿಸಿ.

ಪ್ರಶ್ನೆ: ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅನ್ನುತ್ತಾರೆ. ನಿಜವಾಗಿ ಏನಾಗುತ್ತದೆ?
— ಓದುಗರು, ಮಂಡ್ಯ

ಉತ್ತರ: ವಪೆ ಇದ್ದಕ್ಕಿದ್ದಂತೆ ಜಗ್ಗುತ್ತದೆ, ಮರುಕ್ಷಣವೇ ಗಂಟಲಿನ ಧ್ವನಿಪೆಟ್ಟಿಗೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ‘ಹಿಕ್’ ಎಂಬ ಸದ್ದು ಆ ಬಾಗಿಲಿನದು. ವಪೆಯನ್ನು ಆಡಿಸುವ ಫ್ರೆನಿಕ್ ನರ ಹುಟ್ಟುವುದು ಕುತ್ತಿಗೆಯಲ್ಲಿ, 3, 4, 5ನೇ ನರಬೇರುಗಳಿಂದ. ಅಲ್ಲಿಂದ ಎದೆಯುದ್ದಕ್ಕೂ ಇಳಿದು ಬರುವ ಅದನ್ನು ದಾರಿಯಲ್ಲಿ ಏನು ಕೆಣಕಿದರೂ ಬಿಕ್ಕಳಿಕೆ ಬರಬಹುದು. ಗಬಗಬನೆ ಉಂಡು ಹೊಟ್ಟೆ ಉಬ್ಬಿದಾಗ ಬರುವುದೇ ಹೆಚ್ಚು. ಉಸಿರು ಹಿಡಿದರೆ, ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. 48 ಗಂಟೆ ದಾಟಿದರೆ ವೈದ್ಯರಲ್ಲಿಗೆ ಹೋಗಿ, ಮೂತ್ರಪಿಂಡದ ತೊಂದರೆಯಿಂದ ಹಿಡಿದು ಕೆಲವು ಔಷಧಗಳವರೆಗೆ ಕಾರಣಗಳಿವೆ.

ಪ್ರಶ್ನೆ: ಅಮ್ಮನಿಗೆ 66. ನಲವತ್ತು ವರ್ಷ ಸೌದೆ ಒಲೆಯ ಮುಂದೆ ಅಡುಗೆ ಮಾಡಿದವರು, ಬೀಡಿ ಸಿಗರೇಟು ಗೊತ್ತಿಲ್ಲ. ಸಿಒಪಿಡಿ (ಗಾಳಿಕೊಳವೆಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದಿದ್ದಾರೆ. ನಡೆಯುವುದಕ್ಕಿಂತ ತಲೆ ಬಾಚಿಕೊಳ್ಳುವಾಗ, ಬಟ್ಟೆ ಒಣಹಾಕುವಾಗ ಹೆಚ್ಚು ಏದುಸಿರು. ಮಂಡಿಯ ಮೇಲೆ ಕೈಯೂರಿ ಬಗ್ಗಿ ಕೂತರೆ ಹಾಯೆನಿಸುತ್ತದಂತೆ. ಯಾಕೆ ಹೀಗೆ?
— ಮಗಳು, ತೀರ್ಥಹಳ್ಳಿ

ಉತ್ತರ: ಒಲೆಯ ಹೊಗೆಯೊಂದೇ ಸಾಕು ಈ ಕಾಯಿಲೆ ತರಲು. ನಿಮ್ಮಮ್ಮ ಗಮನಿಸಿ ಹೇಳಿರುವ ಎರಡೂ ಮಾತಿಗೆ ಒಂದೇ ಉತ್ತರವಿದೆ.

ಸಿಒಪಿಡಿಯಲ್ಲಿ ಎಳೆದ ಗಾಳಿ ಪೂರ್ತಿ ಹೊರಬರದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಶ್ವಾಸಕೋಶ ಸದಾ ಉಬ್ಬಿದ್ದು ವಪೆಯನ್ನು ಕೆಳಕ್ಕೆ ಒತ್ತಿ ಚಪ್ಪಟೆ ಮಾಡಿರುತ್ತದೆ. ಮೊದಲೇ ಇಳಿದಿರುವ ವಪೆ ಇನ್ನೆಲ್ಲಿಗೆ ಇಳಿಯಬೇಕು? ಬಿಗಿದುಕೊಂಡರೆ ಕೆಳಗಿನ ಪಕ್ಕೆಗಳನ್ನು ಒಳಕ್ಕೆ ಎಳೆಯುತ್ತದೆ, ಅಷ್ಟೇ. ಅಮ್ಮ ಉಸಿರೆಳೆಯುವಾಗ ಕೆಳಪಕ್ಕೆಗಳ ಮೇಲೆ ಕೈಯಿಟ್ಟು ನೋಡಿ, ಅಗಲಬೇಕಾದವು ಒಳಸರಿಯುತ್ತಿರಬಹುದು. ಆಗ ಉಸಿರಾಟದ ಭಾರವನ್ನು ಕುತ್ತಿಗೆ, ಹೆಗಲು, ಮೇಲೆದೆಯ ಸ್ನಾಯುಗಳು ಹೊರುತ್ತವೆ. ಕುತ್ತಿಗೆಯ ಎರಡೂ ಬದಿ ಹಗ್ಗದಂತೆ ಎದ್ದು ಕಾಣುವುದು ಅದಕ್ಕೇ.

ತಲೆ ಬಾಚಲು ಕೈಯೆತ್ತಿದಾಗ ಈ ಸ್ನಾಯುಗಳಲ್ಲಿ ಹಲವು ತೋಳು ಹಿಡಿದು ನಿಲ್ಲಿಸುವ ಕೆಲಸಕ್ಕೆ ಹೋಗಿಬಿಡುತ್ತವೆ, ಉಸಿರಿಗೆ ಆಳಿಲ್ಲ. ಮಂಡಿಯ ಮೇಲೆ ಕೈಯೂರಿದಾಗ ಇದರ ತಿರುವುಮುರುವು. ತೋಳು ಸ್ಥಿರವಾದದ್ದರಿಂದ ಅದೇ ಸ್ನಾಯು ತೋಳನ್ನೆಳೆಯುವ ಬದಲು ಪಕ್ಕೆಲುಬನ್ನು ಎತ್ತುತ್ತದೆ. ಮುಂದಕ್ಕೆ ಬಗ್ಗಿದಾಗ ಹೊಟ್ಟೆಯ ಒತ್ತಡ ವಪೆಯನ್ನು ಮೇಲಕ್ಕೆ ತಳ್ಳಿ ಅದಕ್ಕೊಂದಿಷ್ಟು ಗುಮ್ಮಟದ ಆಕಾರ ಮರಳಿ ಕೊಡುತ್ತದೆ.

ಹಾಗಾಗಿ ತಲೆ ಬಾಚುವಾಗ ಕೂತು, ಮೊಣಕೈಯನ್ನು ಮೇಜಿಗೆ ಊರಿಕೊಳ್ಳಲಿ. ಬಟ್ಟೆಯ ತಂತಿಯನ್ನು ಎದೆಮಟ್ಟಕ್ಕೆ ಇಳಿಸಿ ಕಟ್ಟಿಕೊಡಿ. ಸಿಳ್ಳೆ ಹಾಕುವಂತೆ ತುಟಿ ಕೂಡಿಸಿ ಉಸಿರು ಬಿಡುವುದನ್ನು ಕಲಿಸಿ: ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ಬಾಯಿಂದ ನಾಲ್ಕು ಎಣಿಸುವಷ್ಟು ಬಿಡಬೇಕು. ಕೆನ್ನೆ ಉಬ್ಬಿಸಿ ರಭಸದಿಂದ ಊದಬಾರದು, ಊದಿದರೆ ಕಿರಿಯ ಗಾಳಿಕೊಳವೆಗಳು ಅಮುಕಿಕೊಂಡು ಗಾಳಿ ಇನ್ನಷ್ಟು ಸಿಕ್ಕಿಬೀಳುತ್ತದೆ. ಭಾರ ಎತ್ತುವುದು, ಮೇಲೇಳುವುದು ಯಾವಾಗಲೂ ಉಸಿರು ಬಿಡುವ ಹೊತ್ತಿಗೆ. ಇನ್‌ಹೇಲರ್ ಬಿಡಬೇಡಿ, ಮತ್ತೆ ಆ ಒಲೆಯ ಮುಂದೆ ಕೂರಿಸಬೇಡಿ.

ಪ್ರಶ್ನೆ: ತೆಂಗಿನ ಮರದಿಂದ ಬಿದ್ದು ಅಪ್ಪನ (62) ಎಡಪಕ್ಕೆಯ ಎರಡು ಎಲುಬು ಮುರಿದಿವೆ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಲಿಲ್ಲ, ಮಾತ್ರೆ ಕೊಟ್ಟು ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೈಗಿತ್ತರು. ನಾಟಿ ವೈದ್ಯರಲ್ಲಿ ಬಿಗಿಯಾಗಿ ಕಟ್ಟಿಸಲೇ?
— ಮಗ, ತಿಪಟೂರು

ಉತ್ತರ: ದಯವಿಟ್ಟು ಕಟ್ಟಿಸಬೇಡಿ. ಮುರಿದ ಕೈಯನ್ನು ಅಲುಗದಂತೆ ಕಟ್ಟಬಹುದು. ಪಕ್ಕೆಲುಬು ನಿಮಿಷಕ್ಕೆ 15 ಉಸಿರಿನಂತೆ ದಿನಕ್ಕೆ 21,600 ಸಲ ಅಲುಗಲೇಬೇಕು (ಹಠಯೋಗದ ಪರಂಪರೆ ಹೇಳುವ ಸಂಖ್ಯೆಯೂ ಇದೇ). ಬಿಗಿದು ಕಟ್ಟಿದರೆ ಆ ಭಾಗದ ಶ್ವಾಸಕೋಶ ಹಿಗ್ಗದೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಪಕ್ಕೆ ಮುರಿದ ಹಿರಿಯರನ್ನು ಹೆಚ್ಚಾಗಿ ಅಪಾಯಕ್ಕೆ ನೂಕುವುದು ಎಲುಬಲ್ಲ, ಈ ನ್ಯುಮೋನಿಯಾ. ಎಲುಬು ಸುಮಾರು 6 ವಾರದಲ್ಲಿ ತಾನೇ ಕೂಡಿಕೊಳ್ಳುತ್ತದೆ, ಸುತ್ತಲಿನ ಸ್ನಾಯುಗಳೇ ಅದಕ್ಕೆ ದಬ್ಬೆ.

ನೋವಿನ ಮಾತ್ರೆಯನ್ನು ನೋವು ಬಂದಾಗ ನೋಡೋಣ ಎಂದು ಮುಂದೂಡದೆ ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಕೊಡಿ. ನೋವಿದ್ದರೆ ಉಸಿರು ಆಳಕ್ಕೆ ಇಳಿಯದು, ಇಳಿಯದಿದ್ದರೆ ಕಫ. ಕೆಮ್ಮು ಬಂದಾಗ ತಡೆಯದೆ, ಮುರಿದ ಜಾಗಕ್ಕೆ ದಿಂಬು ಅವುಚಿಕೊಂಡು ಕೆಮ್ಮಲಿ.

ಆ ಡಬ್ಬಿ ಊದುವುದಕ್ಕಲ್ಲ, ಎಳೆಯುವುದಕ್ಕೆ. ಬಹಳ ಮನೆಗಳಲ್ಲಿ ಊದುತ್ತಾರೆ, ಚೆಂಡು ಏಳದಿದ್ದಾಗ ಕೆಟ್ಟಿದೆ ಎಂದು ಮೂಲೆಗಿಡುತ್ತಾರೆ. ಅಪ್ಪ ನೆಟ್ಟಗೆ ಕೂತು, ಡಬ್ಬಿಯನ್ನು ನೇರವಾಗಿ ಹಿಡಿದು, ಮೊದಲು ಉಸಿರು ಬಿಟ್ಟು, ಕೊಳವೆಗೆ ತುಟಿ ಬಿಗಿದು ನಿಧಾನವಾಗಿ ಎಳೆಯಲಿ. ಡಬ್ಬಿಯ ಮೇಲಿನ 600, 900, 1200 ಎಂಬ ಅಂಕಿಗಳು ಸೆಕೆಂಡಿಗೆ ಎಷ್ಟು ಮಿ.ಲೀ. ಎಂಬ ವೇಗವನ್ನು ಹೇಳುತ್ತವೆ. ಫಕ್ಕನೆ ಎಳೆದು ಮೂರೂ ಚೆಂಡು ಹಾರಿಸಿದರೆ ಪ್ರಯೋಜನವಿಲ್ಲ. ಒಂದೇ ಚೆಂಡು ಎದ್ದರೂ ಸರಿ, 3 ಸೆಕೆಂಡು ಮೇಲೆ ನಿಲ್ಲಲಿ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ, ತಲೆ ತಿರುಗಿದರೆ ನಡುವೆ ವಿರಾಮ.

ಜ್ವರ, ಕಫದ ಬಣ್ಣ ತಿರುಗುವುದು, ಏದುಸಿರು ಹೆಚ್ಚುವುದು ಕಂಡರೆ ಅಂದೇ ಕರೆದೊಯ್ಯಿರಿ. ಎಡಗಡೆ 9ರಿಂದ ಕೆಳಗಿನ ಪಕ್ಕೆಗಳ ಹಿಂದೆ ಗುಲ್ಮ (ಸ್ಪ್ಲೀನ್) ಇದೆ, ಅದಕ್ಕೆ ಪೆಟ್ಟಾಗಿ ಒಳಗೇ ರಕ್ತ ಸೋರಿದರೆ ನೋವು ಎಡಭುಜದ ತುದಿಯಲ್ಲಿ ಕಾಣಿಸಿಕೊಳ್ಳಬಹುದು, ಏಕೆಂದರೆ ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಬೇರುಗಳವು. ಭುಜನೋವಿನ ಜೊತೆ ತಲೆಸುತ್ತು, ಬೆವರು, ಹೊಟ್ಟೆನೋವು ಬಂದರೆ ಒಂದು ಗಂಟೆಯನ್ನೂ ಕಾಯಬೇಡಿ.

ಪ್ರಶ್ನೆ: ಎಂಟು ತಿಂಗಳ ಮಗುವಿಗೆ ನೆಗಡಿ ಕೆಮ್ಮು. ಆಶಾ ಕಾರ್ಯಕರ್ತೆ ಎದೆ ನೋಡಿ ಉಸಿರು ಎಣಿಸಿದರು. ಅತ್ತೆ ಬರೆ ಹಾಕಿಸೋಣ ಅನ್ನುತ್ತಾರೆ. ಮನೆಯಲ್ಲಿ ನಾವೇ ನೋಡುವುದು ಹೇಗೆ?
— ತಾಯಿ, ಕೊಪ್ಪಳ ಜಿಲ್ಲೆ

ಉತ್ತರ: ಬರೆಯಿಂದ ಮಗುವಿಗೆ ಸುಟ್ಟಗಾಯವಾಗಿ ನಂಜೇರುತ್ತದೆ, ಎದೆಯೊಳಗಿನ ರೋಗಕ್ಕೆ ಏನೂ ಆಗುವುದಿಲ್ಲ. ಅತ್ತೆಯವರಿಗೆ ಸಿಟ್ಟಿಲ್ಲದೆ, ಆದರೆ ಖಡಾಖಂಡಿತವಾಗಿ ಬೇಡ ಎನ್ನಿ.

ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗಿನ ಕೂಸಿಗೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40. ಅಷ್ಟು ಅಥವಾ ಹೆಚ್ಚಿದ್ದರೆ ವೇಗದ ಉಸಿರು, ಅದು ನ್ಯುಮೋನಿಯಾ ಇರಬಹುದು. ನಿಮ್ಮ ಮಗುವಿಗೆ ಲೆಕ್ಕ 50.

ಆಮೇಲೆ ಎದೆಯ ಕೆಳಭಾಗ, ಹೊಟ್ಟೆ ಸೇರುವ ಅಂಚನ್ನು ನೋಡಿ. ಉಸಿರು ಎಳೆದಾಗ ಅದು ಹೊರಗೆ ಬರಬೇಕು. ಒಳಕ್ಕೆ ಗುಳಿ ಬಿದ್ದರೆ ಪಕ್ಕೆ ಸೆಳೆತ. ದೊಡ್ಡವರ ಪಕ್ಕೆಲುಬು ಓರೆಯಾಗಿ ಇಳಿದಿರುತ್ತದೆ, ಎತ್ತಿದರೆ ಎದೆ ಅಗಲುತ್ತದೆ. ಕೂಸಿನ ಪಕ್ಕೆಲುಬು ಹೆಚ್ಚುಕಡಿಮೆ ಅಡ್ಡಡ್ಡ ಇದ್ದು, ಎತ್ತಿದರೂ ಅಗಲ ಸಿಗದು. ಕೆಲಸವೆಲ್ಲ ವಪೆಯ ಮೇಲೆ. ಶ್ವಾಸಕೋಶ ಕಫದಿಂದ ಗಡುಸಾದಾಗ ವಪೆ ಜೋರಾಗಿ ಎಳೆಯುತ್ತದೆ, ಮೆತ್ತನೆಯ ಎದೆಗೋಡೆ ತಡೆಯಲಾರದೆ ಒಳಗೆ ಕುಸಿಯುತ್ತದೆ. ಮೂಗು ಕಟ್ಟಿದರೂ ಹೀಗಾಗಬಹುದು, ಉಪ್ಪುನೀರಿನ ಹನಿ ಹಾಕಿ ಮೂಗು ಬಿಡಿಸಿ ಮತ್ತೆ ನೋಡಿ. ಆಮೇಲೂ ಪ್ರತಿ ಉಸಿರಿಗೆ ಗುಳಿ ಬೀಳುತ್ತಿದ್ದರೆ ಆಸ್ಪತ್ರೆಗೆ ಹೊರಡಿ. ಹಾಲು ಕುಡಿಯಲಾಗದಿರುವುದು, ಮಂಪರು, ಫಿಟ್ಸ್, ತುಟಿ ನೀಲಿಗಟ್ಟುವುದು ಕಂಡರೆ ಎಣಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಕಟ್ಟುಹಾವು ಕಚ್ಚಿದವರಿಗೆ ಆಕ್ಸಿಜನ್ ಪ್ರಮಾಣ 98 ಇದ್ದರೂ ವೆಂಟಿಲೇಟರ್ ಹಾಕಿದರು. ಅನಗತ್ಯವಲ್ಲವೇ?
— ಓದುಗರು, ಹಾವೇರಿ

ಉತ್ತರ: ಅನಗತ್ಯವಲ್ಲ. ಕಟ್ಟುಹಾವಿನ (ಕಡಂಬಳ) ವಿಷ ಶ್ವಾಸಕೋಶವನ್ನು ಮುಟ್ಟುವುದಿಲ್ಲ. ನರದ ತುದಿ ಸ್ನಾಯುವಿಗೆ ಆಜ್ಞೆ ದಾಟಿಸುವ ಜಾಗವನ್ನು ಕೆಡಿಸುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಪಕ್ಕೆಯ ಸ್ನಾಯು, ವಪೆ. ಶ್ವಾಸಕೋಶ ಚೆನ್ನಾಗಿರುವುದರಿಂದ, ಎದೆಯ ತಿದಿ ಸೋಲುತ್ತಿದ್ದರೂ ಬೆರಳಿಗೆ ಹಾಕಿ ಆಕ್ಸಿಜನ್ ಅಳೆಯುವ ಯಂತ್ರ ಕೊನೆಯವರೆಗೆ ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಅದು ಇಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಅದಕ್ಕೇ ವೈದ್ಯರು ಬೇರೆಯದನ್ನು ನೋಡುತ್ತಾರೆ. ಮಲಗಿದಲ್ಲಿಂದ ದಿಂಬು ಬಿಟ್ಟು ತಲೆ ಎತ್ತಲಾಗುತ್ತದೆಯೇ? ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಷ್ಟರವರೆಗೆ ಎಣಿಸಬಲ್ಲರು? ಆರೋಗ್ಯವಂತರು ಸಾಮಾನ್ಯವಾಗಿ 30 ದಾಟುತ್ತಾರೆ. ಸ್ವಲ್ಪ ಹೊತ್ತಿಗೊಮ್ಮೆ ಎಣಿಸಿದಾಗ ಸಂಖ್ಯೆ ಕುಗ್ಗುತ್ತಾ ಬಂದರೆ, ಉಸಿರೆಳೆದಾಗ ಹೊಟ್ಟೆ ಉಬ್ಬುವ ಬದಲು ಒಳಗೆ ಹೋದರೆ, ವಪೆ ಸೋತಿದೆ ಎಂದರ್ಥ. ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) ಚುಚ್ಚುಮದ್ದು ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ, ಆಗಲೇ ಕೆಟ್ಟಿರುವ ನರದ ತುದಿಗಳನ್ನು ರಿಪೇರಿ ಮಾಡಲಾರದು. ಅವು ಮತ್ತೆ ಚಿಗುರಲು ದಿನಗಳು ಬೇಕು. ಅಲ್ಲಿಯವರೆಗೆ ಎದೆಯನ್ನು ಹಿಗ್ಗಿಸಿ ಇಳಿಸುವ ಕೆಲಸ ವೆಂಟಿಲೇಟರಿನದು. ಈ ದಿನಗಳನ್ನು ದಾಟಿದವರು ಬಹುತೇಕ ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ನೆಲದ ಮೇಲೆ ಮಲಗಿದ್ದವರು ನಡುರಾತ್ರಿ ಹೊಟ್ಟೆನೋವೆಂದು ಎದ್ದು, ಬೆಳಗಾಗುವಷ್ಟರಲ್ಲಿ ರೆಪ್ಪೆ ಜೋತರೆ ಕಚ್ಚಿದ ಗುರುತು ಕಾಣದಿದ್ದರೂ ಕಟ್ಟುಹಾವನ್ನೇ ಶಂಕಿಸಿ. ಈ ಹಾವು ಕಚ್ಚಿದ್ದು ನೋಯುವುದಿಲ್ಲ, ಗಾಯವೂ ಉಬ್ಬುವುದಿಲ್ಲ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಗೆ ನೀರು ಔಷಧಿ ಹಾಕಬೇಡಿ, ನುಂಗಲಾಗದೆ ಶ್ವಾಸನಾಳಕ್ಕೆ ಇಳಿಯುತ್ತದೆ. ಎಡಮಗ್ಗುಲಿಗೆ ಮಲಗಿಸಿಕೊಂಡು ಎಎಸ್‌ವಿಯೂ ವೆಂಟಿಲೇಟರೂ ಇರುವ ಆಸ್ಪತ್ರೆಗೆ ಒಯ್ಯಿರಿ. ದಾರಿಯಲ್ಲಿ ಉಸಿರು ನಿಂತರೆ ಆಂಬುಲೆನ್ಸಿನಲ್ಲಿರುವ, ಕೈಯಿಂದ ಅಮುಕಿ ಗಾಳಿ ಕೊಡುವ ಅಂಬು ಬ್ಯಾಗ್‌ನಿಂದ 5–6 ಸೆಕೆಂಡಿಗೊಮ್ಮೆ ಎದೆ ಏಳುವಷ್ಟು ಗಾಳಿ ಕೊಡುತ್ತಾ ಆಸ್ಪತ್ರೆ ಮುಟ್ಟಿಸಬಹುದು.